ಪ್ಯಾರಾದ ಅಂತರ, ಪುಟದ ಒಡೆತ

ಕಲಾವಿಭಾಗದ ವಿದ್ಯಾರ್ಥಿನಿಯಾದ ನಾನು ಗಣಕಯಂತ್ರದ ವಿಷಯವಾಗಿ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಹೋದ ವರ್ಷದ ಸಂಚಿಕೆಗೆ ನಾನು ಒಂದು ಕವಿತೆಯನ್ನು ಕೊಟ್ಟಿದ್ದೆನು. ಈ ವರ್ಷವೂ ಕವಿತೆಯನ್ನೇ ಕೊಡುವೆನೆಂದು ಸಂಪಾದಕ ಗುರುಗಳು ಎಣಿಸಿದ್ದರು. ಆದರೆ ಈ ಕೊನೆಯ ಸೆಮಿಸ್ಟರಿನಲ್ಲಿ ಕಿರುಪ್ರಬಂಧದ ಸಲುವಾಗಿ ನಾನು ಪಟ್ಟ ಪಾಡೂ ಅದರಿಂದ ಕಲಿತ ನಾಲ್ಕು ಸಂಗತಿಗಳೂ, ಮುಂದಿನ ವರ್ಷ ಇದೇ ದಾರಿಯಲ್ಲಿ ನಡೆಯತಕ್ಕ ತಮ್ಮ-ತಂಗಿಯರಿಗೆ ನನ್ನ ಕವಿತೆಗಿಂತ ಹೆಚ್ಚು ಉಪಯೋಗಕ್ಕೆ ಬಂದಾವೆಂದು ನಂಬಿ ಈ ಲೇಖನವನ್ನು ಬರೆದಿದ್ದೇನೆ. ಬಲ್ಲವರು ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ನನ್ನ ಪ್ರಬಂಧದ ವಿಷಯವು ಹನುಮಸಾಗರದ ಸುತ್ತಮುತ್ತಲಿನ ಒಕ್ಕಲುತನದ ಶಬ್ದಗಳು. ಕೂರಿಗೆ, ರಂಟೆ, ಕುಂಟೆ, ಮಿಣಿ, ಬಾರಕೋಲು, ಮೇಟಿ, ಹಂತಿ — ಈ ಬಗೆಯ ಮುನ್ನೂರಕ್ಕೂ ಮೇಲ್ಪಟ್ಟ ಮಾತುಗಳನ್ನು ನಮ್ಮ ಅಪ್ಪನ ಬಾಯಿಂದಲೂ ಓಣಿಯ ಹಿರಿಯರ ಬಾಯಿಂದಲೂ ಕೇಳಿ ಬರೆದುಕೊಂಡಿದ್ದೆನು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಅಪ್ಪನಿಗೆ ಸಹಿ ಮಾಡಲು ಬರುತ್ತದೆ, ಓದಲು ಬಾರದು. ಅವ್ವನಿಗೆ ಅದೂ ಇಲ್ಲ. ಆದ್ದರಿಂದ ಅವರ ಬಾಯಿಯ ಮಾತು ಅಚ್ಚಿನ ಅಕ್ಷರದಲ್ಲಿ ಮನೆಗೆ ಬರುವುದೆಂದರೆ ಅದು ನನಗೆ ಬರಿಯ ಅಂಕಗಳ ಪ್ರಶ್ನೆಯಾಗಿರಲಿಲ್ಲ.

ದಿನಾಲು ತರಗತಿ ಮುಗಿದ ಮೇಲೆ ಕಾಲೇಜಿನ ಗಣಕಯಂತ್ರದ ಕೋಣೆಯಲ್ಲಿ ಒಂದು ತಾಸು ಕುಳಿತು, ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಎರಡು ತಿಂಗಳು ಬೆರಳಚ್ಚು ಮಾಡಿ, 46 ಪುಟಗಳನ್ನು ಸಿದ್ಧಪಡಿಸಿದೆನು. ನನಗೆ ಗೊತ್ತಿದ್ದ ಉಪಾಯ ಒಂದೇ. ಪ್ಯಾರಾ ಮುಗಿದರೆ ಎಂಟರ್ ಕೀಲಿಯನ್ನು ಎರಡು ಸಲ ಒತ್ತುವುದು. ಅಧ್ಯಾಯ ಮುಗಿದರೆ ಹೊಸ ಪುಟ ಬರುವ ತನಕ ಅದನ್ನೇ ಒತ್ತುತ್ತ ಹೋಗುವುದು. ಪರದೆಯ ಮೇಲೆ ಎಲ್ಲವೂ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಶನಿವಾರ ಮಧ್ಯಾಹ್ನ ಪೆನ್ ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕುಷ್ಟಗಿಗೆ ಹೋಗಿ, ಒಂದು ಅಂಗಡಿಯಲ್ಲಿ ಮೂರು ಪ್ರತಿ ಮುದ್ರಿಸಲು ಕೊಟ್ಟೆನು. ಬಸ್ಸಿನ ಖರ್ಚು ಹೆಂಗಸರಿಗೆ ಇಲ್ಲದ್ದೊಂದೇ ಆ ದಿನದ ಉಳಿತಾಯ. 46 ಇದ್ದ ಪುಟಗಳು ಅಲ್ಲಿ 49 ಆದವು. ಅಂಗಡಿಯವರು ಪುಟ ಎಣಿಸಿ ಹೇಳಿದಾಗ ನನಗೆ ಅನುಮಾನ ಬರಬೇಕಾಗಿತ್ತು; ಬರಲಿಲ್ಲ. ಪುಟಕ್ಕೆ 5 ರೂಪಾಯಿಯಂತೆ 147 ಹಾಳೆಗೆ 735 ರೂಪಾಯಿ ಕೊಟ್ಟೆನು. ಅದು ಅವ್ವ ಹತ್ತಿ ಬಿಡಿಸಿ ತಂದ ಕೂಲಿಯ ದುಡ್ಡು.

ತಿರುಗಿ ಬರುವಾಗ ಬಸ್ಸಿನಲ್ಲಿ ಹಾಳೆಗಳನ್ನು ಬಿಚ್ಚಿ ನೋಡಿದೆನು. ಎರಡನೆಯ ಅಧ್ಯಾಯದ ತಲೆಬರಹ ಒಂದು ಪುಟದ ಕಟ್ಟಕಡೆಗೆ ಒಂಟಿಯಾಗಿ ನಿಂತಿತ್ತು. ಅದರ ಮಾತು ಮುಂದಿನ ಪುಟದಲ್ಲಿ ಮೊದಲಾಗಿತ್ತು. ಮೂರನೆಯ ಅಧ್ಯಾಯ ನಡುಪುಟದಲ್ಲಿ ಹುಟ್ಟಿಕೊಂಡಿತ್ತು. ಒಂದು ಹಾಳೆಯಲ್ಲಿ ಪುಟದ ಸಂಖ್ಯೆಯ ಹೊರತು ಏನೂ ಇರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಮೊದಲಲ್ಲಿಯ ಪ್ರಮಾಣಪತ್ರದ ಪುಟ ಒಡೆದು, ‘ಮಾರ್ಗದರ್ಶಕರ ಸಹಿ’ ಎಂಬ ಒಂದೇ ಸಾಲು ಬೇರೆ ಹಾಳೆಗೆ ಹೋಗಿ ಕುಳಿತಿತ್ತು.

ರಾತ್ರಿ ಊಟವಾದ ಮೇಲೆ ಅಪ್ಪ ಹಾಳೆಗಳನ್ನು ಒಂದೊಂದಾಗಿ ತಿರುವಿದನು. ಓದಲು ಬಾರದವನಾದರೂ ಖಾಲಿ ಜಾಗ ಅವನ ಕಣ್ಣಿಗೆ ಕೂಡಲೆ ಬಿತ್ತು.

“ಯವ್ವಾ, ಇಷ್ಟು ಜಾಗ ಯಾಕ ಬೀಳು ಬಿಟ್ಟಿ?” ಎಂದನು.

ನಾನು ಏನೋ ಸಬೂಬು ಹೇಳಿದೆನು. ಸಹಿಯ ಹಾಳೆ ಬಂತು.

“ಇದರಾಗ ಏನ್ ಬರದೈತಿ?”

“ಸರ್ ಸಹಿ ಮಾಡೂ ಜಾಗ ಅಪ್ಪಾ ಅದು.”

“ಮತ್ತ ಮ್ಯಾಲೆ ಏನೂ ಇಲ್ಲಲ್ಲ? ಖಾಲಿ ಹಾಳಿಗೆ ಸಹಿ ಮಾಡ್ರಿ ಅಂತ ಯಾರಿಗೂ ಕೇಳಬ್ಯಾಡವಾ.”

ಈ ಮಾತು ಅವನು ಸುಮ್ಮನೆ ಆಡಿದ್ದಲ್ಲ. ನಮ್ಮ ಅಜ್ಜ ಒಂದು ಬರಗಾಲದಲ್ಲಿ ಸಾಲ ತರಲು ಹೋಗಿ, ಏನೂ ಬರೆಯದ ಕಾಗದದ ತಳಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ದನಂತೆ. ಆಮೇಲೆ ಆ ಹೆಬ್ಬೆಟ್ಟಿನ ಮೇಲ್ಗಡೆ ಎರಡೆಕರೆ ಎರಿಹೊಲ ಬರೆಯಲ್ಪಟ್ಟಿತು. ಆ ಹೊಲದ ಬದುವಿನ ಮೇಲೆಯೇ ನಾವು ಈಗಲೂ ನಮ್ಮ ಉಳಿದ ಹೊಲಕ್ಕೆ ಹೋಗುತ್ತೇವೆ. ಹೀಗಿರಲಾಗಿ, ಬರವಣಿಗೆಯಿಂದ ಅಗಲಿ ಒಂಟಿಯಾಗಿ ಬಿದ್ದ ಸಹಿಯ ಸಾಲು ನಮ್ಮ ಮನೆಯಲ್ಲಿ ಬರಿಯ ಅಂದಚೆಂದದ ದೋಷವೆನಿಸದು.

ಸೋಮವಾರ ಮಾರ್ಗದರ್ಶಕ ಗುರುಗಳೂ ಅದನ್ನೇ ಅಂದರು: “ಈ ಹಾಳೆಗೆ ನಾನು ಸಹಿ ಮಾಡಿದರೆ ಇದರ ಮೇಲೆ ಯಾರಾದರೂ ಏನನ್ನಾದರೂ ಬರೆದುಕೊಳ್ಳಬಹುದಲ್ಲವೇನಮ್ಮಾ?” ಆದರೆ ಅವರು ಸಿಟ್ಟಾಗಲಿಲ್ಲ. ನನ್ನನ್ನು ಕರೆದುಕೊಂಡು ಹೋಗಿ ಯಂತ್ರದ ಮುಂದೆ ಕೂರಿಸಿ, ಕಂಟ್ರೋಲ್, ಶಿಫ್ಟ್ ಮತ್ತು 8 ಎಂಬ ಮೂರು ಕೀಲಿಗಳನ್ನು ಕೂಡಿಯೇ ಒತ್ತಲು ಹೇಳಿದರು. ಒತ್ತಿದೊಡನೆ ಪುಟದ ತುಂಬ ಒಂದು ಗುರುತು ಎದ್ದುಬಂತು: ಹಿಂದುಮುಂದಾಗಿ ನಿಂತ ಇಂಗ್ಲಿಷಿನ ಪಿ ಅಕ್ಷರಕ್ಕೆ ಜೋಡಿ ಕಾಲು ಕೊಟ್ಟಂಥ ಗುರುತು. ಪ್ಯಾರಾ ಮುಗಿದಲ್ಲಿ ಅದು ಇರುವುದು ಸರಿ. ಆದರೆ ನಾನು ಬಯಲೆಂದು ತಿಳಿದಿದ್ದ ಜಾಗದಲ್ಲೆಲ್ಲ ಅದು ಸಾಲುಗಟ್ಟಿ ನಿಂತಿತ್ತು. ಎಣಿಸಿದರೆ ನಾನೂರಕ್ಕೆ ಮೇಲಿದ್ದವು! ನನ್ನ ಕಣ್ಣಿಗೆ ಏನೂ ಇಲ್ಲದ ಜಾಗವು ಯಂತ್ರದ ಲೆಕ್ಕದಲ್ಲಿ ನಾನೂರು ಪ್ಯಾರಾಗಳು. ಒಂದೊಂದಕ್ಕೂ ಒಂದೊಂದು ಸಾಲಿನ ಎತ್ತರ. ಲಿಬ್ರೆ ಆಫೀಸ್ ರೈಟರ್ ಉಪಯೋಗಿಸುವವರು ಕಂಟ್ರೋಲ್ ಮತ್ತು ಎಫ್10 ಒತ್ತಿದರೆ ಇದೇ ಗುರುತುಗಳು ಕಾಣುತ್ತವೆ. ತಮ್ಮ ಪ್ರಬಂಧಗಳನ್ನು ಒಮ್ಮೆ ಹೀಗೆ ನೋಡಿಕೊಳ್ಳಬೇಕೆಂದು ಸಹಪಾಠಿಗಳಲ್ಲಿ ನನ್ನ ಬಿನ್ನಹ.

ಇನ್ನು, ಕಾಲೇಜಿನಲ್ಲಿ 46 ಇದ್ದುದು ಕುಷ್ಟಗಿಯಲ್ಲಿ 49 ಆದದ್ದು ಹೇಗೆ? ಇದನ್ನು ತಿಳಿಯಬೇಕಾದರೆ ಪುಟವೆಂಬ ವಸ್ತುವನ್ನೇ ಸ್ವಲ್ಪ ವಿಚಾರ ಮಾಡಬೇಕು.

ಹಿಂದಿನ ಕಾಲಕ್ಕೆ ಪುಟವು ಗಟ್ಟಿಯಾದ ವಸ್ತು. ತಾಳೆಗರಿಯ ಮೇಲೆ ಬರೆಯುವವನು ಗರಿಯ ಉದ್ದಗಲವನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದನು. ದಾರ ಪೋಣಿಸುವ ತೂತಿನ ಸುತ್ತ ಮಾತ್ರ ಅಷ್ಟು ಜಾಗ ಬಿಡುತ್ತಿದ್ದನು. ಪದ್ಯ ಮುಗಿದದ್ದನ್ನು ತಿಳಿಸಲು ಜೋಡಿ ಗೀಟು ಸಾಕಾಗುತ್ತಿತ್ತು. 1843ರಲ್ಲಿ ಹರ್ಮನ್ ಮೊಗ್ಲಿಂಗರು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ, ಅಲ್ಲಿಯೂ ಕೈಬರಹದ ಜಾಗ ಇದ್ದಲ್ಲಿಯೇ ಇರುತ್ತಿತ್ತು. ಮುಂದೆ ಸೀಸದ ಮೊಳೆಗಳನ್ನು ಜೋಡಿಸುವ ಕಾಲದಲ್ಲಿ ಸಾಲು-ಸಾಲುಗಳ ನಡುವೆ ಸೀಸದ ತೆಳುವಾದ ಪಟ್ಟಿಗಳನ್ನು ಇಡುತ್ತಿದ್ದರು. ಸಾಲಿನ ಅಂತರಕ್ಕೆ ಇಂಗ್ಲಿಷಿನಲ್ಲಿ ‘ಲೆಡಿಂಗ್’ ಎಂಬ ಹೆಸರು ಬಂದದ್ದು ಈ ಸೀಸದಿಂದಲೇ. ಪಟ್ಟಿ ಇಟ್ಟು ಚೌಕಟ್ಟು ಬಿಗಿದ ಮೇಲೆ ಆ ಪುಟ ಅಲುಗುವಂತಿರಲಿಲ್ಲ.

ಗಣಕಯಂತ್ರದ ಕಡತದಲ್ಲಿ ಪುಟ ಎಂಬುದು ಹೀಗೆ ಬಿಗಿದಿಟ್ಟದ್ದಲ್ಲ. ಕಡತದಲ್ಲಿ ಇರುವುದು ಅಕ್ಷರಗಳು ಮತ್ತು ಅವುಗಳಿಗೆ ಕೊಟ್ಟ ಸೂಚನೆಗಳು. ಕಡತ ತೆರೆದಾಗಲೆಲ್ಲ ಯಂತ್ರವು ಫಾಂಟಿನ ಅಳತೆ, ಕಾಗದದ ಅಳತೆ, ಅಂಚು ಇವುಗಳನ್ನು ಕೂಡಿ ಕಳೆದು, ಎಲ್ಲಿ ಸಾಲು ಮುರಿಯಬೇಕು, ಎಲ್ಲಿ ಪುಟ ಒಡೆಯಬೇಕು ಎಂದು ಹೊಸದಾಗಿ ಲೆಕ್ಕ ಹಾಕುತ್ತದೆ. ನಾನು ಉಪಯೋಗಿಸಿದ ಫಾಂಟು ಕುಷ್ಟಗಿಯ ಯಂತ್ರದಲ್ಲಿ ಇರಲಿಲ್ಲ. ಬರಹ ಯೂನಿಕೋಡಿನಲ್ಲಿದ್ದುದರಿಂದ ಅಕ್ಷರ ಕೆಡಲಿಲ್ಲ. ಆ ಯಂತ್ರವು ತನ್ನಲ್ಲಿದ್ದ ಬೇರೊಂದು ಕನ್ನಡ ಫಾಂಟನ್ನು ತೊಡಿಸಿತು. ಆ ಫಾಂಟಿನ ಸಾಲು ಕೂದಲಿನಷ್ಟು ಎತ್ತರ. ಮೂವತ್ತು ಸಾಲಿನ ಪುಟದಲ್ಲಿ ಕೂದಲು ಕೂದಲು ಸೇರಿ ಎರಡು ಸಾಲು ಹೊರಗೆ ಬಿದ್ದವು. ಎಂಟರ್ ಒತ್ತಿ ಒತ್ತಿ ನಾನು ತಳ್ಳಿಟ್ಟ ತಲೆಬರಹಗಳೆಲ್ಲ ಸರಿದುಹೋದವು. ಇದರ ಮೇಲೆ, ನನ್ನ ಕಡತದ ಕಾಗದವು ‘ಲೆಟರ್’ ಅಳತೆಯಲ್ಲಿತ್ತು. ಅದು 216 ಮಿಲಿಮೀಟರ್ ಅಗಲ, 279 ಮಿಲಿಮೀಟರ್ ಉದ್ದ. ನಮ್ಮ ದೇಶದಲ್ಲಿ ಸಿಗುವ ಎ4 ಹಾಳೆ 210ಕ್ಕೆ 297. ಅಂಗಡಿಯಲ್ಲಿ ಅದನ್ನು ಎ4ಕ್ಕೆ ಬದಲಿಸಿದಾಗ ಪ್ರತಿ ಸಾಲೂ ಆರು ಮಿಲಿಮೀಟರ್ ಕಿರಿದಾಗಿ ಮಾತುಗಳು ಮುಂದಿನ ಸಾಲಿಗೆ ಉರುಳಿದವು. ಆ ತಪ್ಪು ಅಂಗಡಿಯವರದಲ್ಲ; ಬೆರಳಚ್ಚು ಮಾಡುವ ಮೊದಲೇ ನಾನು ಕಾಗದದ ಅಳತೆ ನೋಡಬೇಕಾಗಿತ್ತು.

ಯೂನಿಕೋಡಿನ ಮಾತು ಬಂದುದರಿಂದ ಒಂದು ಸಂಗತಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಇರಿಸಲಾಗಿತ್ತು. ಫಾಂಟು ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರದೇ ಮನೆ ದೊರೆತಿದ್ದರೂ ನಮ್ಮ ಕಡೆಯ ಅಂಗಡಿಗಳಲ್ಲಿ ಹಳೆಯ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಯೂನಿಕೋಡಿನಲ್ಲಿ ಬರೆದರೆ ಅಕ್ಷರ ಉಳಿಯುತ್ತದೆ, ನಿಜ. ಆದರೆ ಪುಟ ಉಳಿಯುತ್ತದೆಂಬ ಭರವಸೆಯನ್ನು ಅದು ಕೊಡುವುದಿಲ್ಲ.

ಹಾಗಾದರೆ ಉಪಾಯವೇನು? ನನಗೆ ಇದು ತಿಳಿದದ್ದು ನನ್ನ ಪ್ರಬಂಧದ ಮೊದಲನೆಯ ಶಬ್ದದಿಂದಲೇ. ಅಪ್ಪ ಬಿತ್ತುವಾಗ ಸಾಲಿನಿಂದ ಸಾಲಿಗೆ ಇರತಕ್ಕ ಅಂತರವನ್ನು ಗೇಣು ಹಾಕಿ ಅಳೆಯುವುದಿಲ್ಲ. ಆ ಅಂತರವು ಕೂರಿಗೆಯ ತಾಳುಗಳಲ್ಲಿಯೇ ಇರುತ್ತದೆ. ಸಜ್ಜೆಗೆ ಒಂದು ಕೂರಿಗೆ, ಕಡಲೆಗೆ ಇನ್ನೊಂದು. ಹೊಲ ಉದ್ದವಿರಲಿ ಗಿಡ್ಡವಿರಲಿ, ಅಂತರ ಬದಲಾಗದು. ಬದು ಬಂದಲ್ಲಿ ಎತ್ತು ಹೊರಳುತ್ತವೆ. ಬರಹದ ತಂತ್ರಾಂಶದಲ್ಲಿ ‘ಸ್ಟೈಲ್’ ಎಂಬುದು ಈ ಕೂರಿಗೆ. ನಾನು ಮಾಡಿದ್ದೋ, ಪ್ರತಿ ಸಾಲಿಗೂ ಕೈಯಿಂದ ಮಣ್ಣು ಸರಿಸಿದ ಕೆಲಸ!

ವರ್ಡ್‌ನಲ್ಲಿ ಸಾಮಾನ್ಯ ಬರಹಕ್ಕೆ ‘ನಾರ್ಮಲ್’ ಎಂಬ ಸ್ಟೈಲ್ ಇದೆ. ಅಧ್ಯಾಯದ ತಲೆಬರಹಕ್ಕೆ ‘ಹೆಡಿಂಗ್ 1’, ಒಳತಲೆಬರಹಕ್ಕೆ ‘ಹೆಡಿಂಗ್ 2’. ಆ ಹೆಸರಿನ ಮೇಲೆ ಇಲಿಯ ಬಲಗುಂಡಿ ಒತ್ತಿ ‘ಮಾಡಿಫೈ’ ಎಂಬುದನ್ನು ಆರಿಸಿ, ಅಲ್ಲಿ ‘ಫಾರ್ಮ್ಯಾಟ್’ದಿಂದ ‘ಪ್ಯಾರಾಗ್ರಾಫ್’ಕ್ಕೆ ಹೋದರೆ ‘ಸ್ಪೇಸಿಂಗ್’ ಎಂಬ ಭಾಗ ಸಿಗುತ್ತದೆ. ಅದರಲ್ಲಿ ‘ಬಿಫೋರ್’ ಅಂದರೆ ಪ್ಯಾರಾದ ಮೇಲೆ ಬಿಡುವ ಜಾಗ, ‘ಆಫ್ಟರ್’ ಅಂದರೆ ಕೆಳಗೆ ಬಿಡುವ ಜಾಗ. ಅಳತೆ ಪಾಯಿಂಟುಗಳಲ್ಲಿ, 72 ಪಾಯಿಂಟಿಗೆ ಒಂದು ಅಂಗುಲ. ನಾನು ಸಾಮಾನ್ಯ ಬರಹಕ್ಕೆ ಕೆಳಗೆ 6 ಪಾಯಿಂಟನ್ನೂ, ಒಳತಲೆಬರಹಕ್ಕೆ ಮೇಲೆ 12, ಕೆಳಗೆ 6 ಪಾಯಿಂಟನ್ನೂ ಇಟ್ಟೆನು. ತಲೆಬರಹವು ತನ್ನ ಹಿಂದಿನ ಮಾತಿಗಿಂತ ಮುಂದಿನ ಮಾತಿಗೆ ಹತ್ತಿರ ನಿಲ್ಲಬೇಕು. ಮೇಲೂ ಕೆಳಗೂ ಸಮ ಅಂತರ ಬಿಟ್ಟರೆ ಅದು ಯಾರ ಪೈಕಿ ಎಂಬುದು ತಿಳಿಯದು. ಇಷ್ಟಾದ ಮೇಲೆ ಪ್ಯಾರಾ ಮುಗಿದಲ್ಲಿ ಎಂಟರ್ ಒಂದೇ ಸಲ. ನಾಳೆ 6 ಪಾಯಿಂಟು ಸಾಲದು, 8 ಬೇಕು ಎಂದು ಗುರುಗಳು ಅಂದರೆ ಒಂದೇ ಕಡೆ ಬದಲಿಸಿದರಾಯಿತು. 40 ಪುಟವೂ ತಾನಾಗಿ ಸರಿಯಾಗುತ್ತದೆ.

ಈ ಅಂತರಕ್ಕೆ ತಂತ್ರಾಂಶವೂ ತನ್ನದೊಂದು ಅಳತೆಯನ್ನು ಮೊದಲೇ ಇಟ್ಟಿರುತ್ತದೆಂಬುದನ್ನು ಮರೆಯಬಾರದು. ವರ್ಡ್ 2003ರಲ್ಲಿ ಪ್ಯಾರಾದ ಕೆಳಗೆ ಏನೂ ಅಂತರವಿರಲಿಲ್ಲ. 2007ರ ಆವೃತ್ತಿಯಿಂದ ಕೆಳಗೆ 10 ಪಾಯಿಂಟು ಮತ್ತು ಸಾಲಿನ ಅಂತರ 1.15 ಬಂತು, 2013ರಲ್ಲಿ ಅದು 8 ಪಾಯಿಂಟು ಮತ್ತು 1.08 ಆಯಿತು. ನನ್ನ ಗೆಳತಿಯೊಬ್ಬಳು ಒಂದೇ ಪ್ರಬಂಧವನ್ನು ಅರ್ಧ ಕಾಲೇಜಿನಲ್ಲಿ, ಅರ್ಧ ಅಣ್ಣನ ಲ್ಯಾಪ್‌ಟಾಪಿನಲ್ಲಿ ಬರೆದು ಕೂಡಿಸಿದಾಗ ಅದು ಇಬ್ಬರು ಬರೆದ ಪುಸ್ತಕದಂತೆ ಕಂಡದ್ದು ಇದೇ ಕಾರಣಕ್ಕೆ. ಅಂಟಿಸುವಾಗ ‘ಕೀಪ್ ಟೆಕ್ಸ್ಟ್ ಓನ್ಲಿ’ ಎಂಬುದನ್ನು ಆರಿಸಿದರೆ ಬರಿಯ ಅಕ್ಷರಗಳು ಬಂದು, ಇಲ್ಲಿಯ ಸ್ಟೈಲನ್ನು ಉಟ್ಟುಕೊಳ್ಳುತ್ತವೆ.

ಹಳೆಯ ಪುಸ್ತಕಗಳಲ್ಲಿ ಪ್ಯಾರಾದ ಮೊದಲ ಸಾಲನ್ನು ತುಸು ಒಳಗೆ ಸರಿಸಿ, ನಡುವೆ ಅಂತರ ಬಿಡದೆ ಅಚ್ಚು ಹಾಕುವುದು ವಾಡಿಕೆ. ಕಚೇರಿಯ ವರದಿಗಳಲ್ಲಿ ಅಂತರ ಬಿಟ್ಟು, ಸಾಲನ್ನು ಸರಿಸದೆ ಬರೆಯುತ್ತಾರೆ. ಎರಡೂ ಒಳ್ಳೆಯ ಪದ್ಧತಿಗಳೇ. ಎರಡನ್ನೂ ಒಟ್ಟಿಗೆ ಮಾಡುವುದು ಮಾತ್ರ ಧೋತರದ ಮೇಲೆ ಪಾಯಜಾಮ ತೊಟ್ಟಂತೆ. ನಮ್ಮ ವರ್ಗದ ಪ್ರಬಂಧಗಳಲ್ಲಿ ಇದೇ ಹೆಚ್ಚು.

ಕನ್ನಡದ ಬರಹಕ್ಕೆ ವಿಶೇಷವಾಗಿ ಒಂದು ಎಚ್ಚರ ಬೇಕು. ನಮ್ಮ ಲಿಪಿಯಲ್ಲಿ ಗುಣಿತವು ಅಕ್ಷರದ ಮೇಲೆ ಏರುತ್ತದೆ, ಒತ್ತಕ್ಷರವು ಕೆಳಗೆ ಇಳಿಯುತ್ತದೆ. ‘ಶಾಸ್ತ್ರ’, ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ಇದಕ್ಕೆ ಸಾಲದು. ಹೀಗಿರುವಾಗ, ಪುಟ ಕಡಿಮೆ ಮಾಡುವ ಆಸೆಯಿಂದ ಕೆಲವರು ‘ಲೈನ್ ಸ್ಪೇಸಿಂಗ್’ ಎಂಬಲ್ಲಿ ‘ಎಕ್ಸಾಕ್ಟ್ಲಿ’ ಎಂಬುದನ್ನು ಆರಿಸಿ 12 ಎಂದು ಬರೆದುಬಿಡುತ್ತಾರೆ. ಆಗ ಯಂತ್ರವು ಅಷ್ಟೇ ಎತ್ತರವನ್ನು ಕೊಟ್ಟು, ಅದರಾಚೆ ಚಾಚಿದ್ದನ್ನು ಕತ್ತರಿಸುತ್ತದೆ. ಒತ್ತುಗಳ ಕಾಲು ಮುರಿಯುತ್ತದೆ. ನನ್ನ ಸಹಪಾಠಿಯ ಹಾಳೆಯಲ್ಲಿ ‘ರಾಷ್ಟ್ರ’ಕ್ಕೆ ಕಾಲೇ ಇಲ್ಲದ್ದನ್ನು ನಾನು ಕಂಡಿದ್ದೇನೆ. ‘ಅಟ್ ಲೀಸ್ಟ್’ ಅಥವಾ ‘ಮಲ್ಟಿಪಲ್’ ಎಂಬುದನ್ನು ಆರಿಸಿದರೆ ಈ ಅಂಗಹೀನತೆ ಒದಗದು.

ಈಗ ಪುಟದ ಒಡೆತಕ್ಕೆ ಬರೋಣ. ಹೊಸ ಪುಟ ಬೇಕಾದಾಗ ಕಂಟ್ರೋಲ್ ಹಿಡಿದು ಎಂಟರ್ ಒತ್ತಬೇಕೆಂಬುದು ಹಲವರಿಗೆ ಗೊತ್ತಿದೆ. ವರ್ಡ್‌ನಲ್ಲಿಯೂ ರೈಟರ್‌ನಲ್ಲಿಯೂ ಇದು ನಡೆಯುತ್ತದೆ. ಎಂಟರನ್ನು ಇಪ್ಪತ್ತು ಸಲ ಒತ್ತುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಹಿಂದಿನ ಪುಟವು ಕೊನೆಯ ಸಾಲಿನವರೆಗೆ ತುಂಬಿಬಿಟ್ಟರೆ ಈ ಒಡೆತದ ಗುರುತೇ ಮುಂದಿನ ಪುಟಕ್ಕೆ ಜಾರಿ, ನಡುವೆ ಒಂದು ಖಾಲಿ ಹಾಳೆ ಹುಟ್ಟುವುದುಂಟು. ಅದಕ್ಕಿಂತ ಒಳ್ಳೆಯದು, ‘ಹೆಡಿಂಗ್ 1’ ಎಂಬ ಸ್ಟೈಲಿಗೇ ‘ಪೇಜ್ ಬ್ರೇಕ್ ಬಿಫೋರ್’ ಎಂಬ ಗುಣವನ್ನು ಕೊಡುವುದು. ಪ್ಯಾರಾಗ್ರಾಫಿನ ಚೌಕದಲ್ಲಿ ‘ಲೈನ್ ಅಂಡ್ ಪೇಜ್ ಬ್ರೇಕ್ಸ್’ ಎಂಬ ಎರಡನೆಯ ಹಾಳೆಯಲ್ಲಿ ಅದು ಇದೆ. ಆಮೇಲೆ ಅಧ್ಯಾಯದ ತಲೆಬರಹ ಎಲ್ಲಿ ಬಂದರೂ ತಾನೇ ಹೊಸ ಪುಟವನ್ನು ಹಿಡಿಯುತ್ತದೆ. ಒಂದು ಭಾಗಕ್ಕೆ ಹಾಳೆಯನ್ನು ಅಡ್ಡಲಾಗಿ ತಿರುಗಿಸಬೇಕಾದರೆ, ಇಲ್ಲವೆ ಪುಟಸಂಖ್ಯೆಯನ್ನು ಹೊಸದಾಗಿ ಮೊದಲುಮಾಡಬೇಕಾದರೆ, ಬರಿಯ ಪುಟದ ಒಡೆತ ಸಾಲದು. ‘ಸೆಕ್ಷನ್ ಬ್ರೇಕ್’ ಬೇಕು. ನೆರೆಯ ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಕೂಡಿಸಿರುತ್ತಾರಷ್ಟೆ. ಇದೂ ಹಾಗೆಯೇ.

ಅದೇ ಎರಡನೆಯ ಹಾಳೆಯಲ್ಲಿ ‘ವಿಡೋ/ಆರ್ಫನ್ ಕಂಟ್ರೋಲ್’ ಎಂಬುದೊಂದಿದೆ. ಪ್ಯಾರಾದ ಕೊನೆಯ ಸಾಲೊಂದೇ ಮುಂದಿನ ಪುಟದ ತಲೆಗೆ ಹೋದರೆ ಅದಕ್ಕೆ ವಿಧವೆ ಎಂದೂ, ಮೊದಲ ಸಾಲೊಂದೇ ಪುಟದ ತಳದಲ್ಲಿ ಉಳಿದರೆ ಅನಾಥ ಎಂದೂ ಇಂಗ್ಲಿಷಿನ ಮುದ್ರಕರು ಹೆಸರಿಟ್ಟರು. ಈ ಹೆಸರುಗಳು ನನಗೆ ಸೇರಲಿಲ್ಲ. ನಮ್ಮ ದೊಡ್ಡವ್ವ ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ನಾಲ್ಕು ಮಕ್ಕಳನ್ನು ಸಾಕಿ, ಈ ಪ್ರಬಂಧಕ್ಕೆ ಅರವತ್ತು ಶಬ್ದಗಳನ್ನು ಕೊಟ್ಟವಳು. ಪುಟದ ದೋಷಕ್ಕೆ ಅಂಥವರ ಹೆಸರೇಕೆ? ಒಂಟಿ ಸಾಲು ಎಂದರೆ ಸಾಕು. ಅದು ಹಾಗಿರಲಿ. ಆ ಗುರುತನ್ನು ಹಾಕಿಟ್ಟರೆ ಯಂತ್ರವು ಎರಡು ಸಾಲಾದರೂ ಜೊತೆಗಿರುವಂತೆ ನೋಡಿಕೊಳ್ಳುತ್ತದೆ. ಪುಟದ ತಳದಲ್ಲಿ ಒಂದು ಸಾಲಿನಷ್ಟು ಜಾಗ ಖಾಲಿ ಉಳಿಯಬಹುದು. ಅದನ್ನು ಕಂಡು ಗಾಬರಿಯಾಗಿ ಎಂಟರ್ ಒತ್ತಬಾರದು.

ಅದರ ಕೆಳಗಿನ ‘ಕೀಪ್ ವಿತ್ ನೆಕ್ಸ್ಟ್’ ಎಂಬುದೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಹತ್ವದ್ದು. ಈ ಪ್ಯಾರಾ ಮುಂದಿನ ಪ್ಯಾರಾವನ್ನು ಬಿಟ್ಟಿರಬಾರದು ಎಂಬ ಸೂಚನೆ ಅದು. ಹೆಡಿಂಗ್ ಸ್ಟೈಲುಗಳಿಗೆ ಈ ಗುಣವು ಮೊದಲೇ ಇರುತ್ತದೆ. ಆದ್ದರಿಂದಲೇ ಹೆಡಿಂಗ್ ಸ್ಟೈಲ್ ಕೊಟ್ಟ ತಲೆಬರಹ ಪುಟದ ತಳದಲ್ಲಿ ಒಂಟಿಯಾಗಿ ನಿಲ್ಲದು. ನನ್ನಂತೆ ಬರಿದೆ ಅಕ್ಷರ ದಪ್ಪ ಮಾಡಿದರೆ ನಿಲ್ಲುತ್ತದೆ. ಸಹಿಯ ಸಾಲಿಗೆ ಈ ಗುಣವನ್ನು ನಾವೇ ಕೊಡಬೇಕು. ಸಹಿಯ ಸಾಲಿಗಲ್ಲ, ಅದರ ಹಿಂದಿನ ಪ್ಯಾರಾಕ್ಕೆ ಎಂಬುದನ್ನು ಗಮನಿಸಬೇಕು. ಕೈ ಹಿಡಿಯುವವನು ಮುಂದೆ ಇರುವವನಲ್ಲ, ಹಿಂದೆ ಇರುವವನು. ‘ದೃಢೀಕರಿಸುತ್ತೇನೆ’ ಎಂದು ಮುಗಿಯುವ ಪ್ಯಾರಾಕ್ಕೆ ‘ಕೀಪ್ ವಿತ್ ನೆಕ್ಸ್ಟ್’, ಸ್ಥಳ-ದಿನಾಂಕದ ಸಾಲಿಗೆ ‘ಕೀಪ್ ವಿತ್ ನೆಕ್ಸ್ಟ್’, ಆಮೇಲೆ ಸಹಿ. ದೃಢೀಕರಣದ ಪ್ಯಾರಾವೇ ನಡುವೆ ಒಡೆಯದಂತೆ ‘ಕೀಪ್ ಲೈನ್ಸ್ ಟುಗೆದರ್’ ಎಂಬುದನ್ನೂ ಕೊಟ್ಟೆನು. ಇನ್ನು ಸಹಿಗೆ ಬಿಡತಕ್ಕ ಜಾಗವನ್ನೂ ಎಂಟರಿನಿಂದಲ್ಲ, ಸಹಿಯ ಸಾಲಿನ ‘ಬಿಫೋರ್’ ಅಂತರದಿಂದಲೇ ಬಿಡಬೇಕು. 36 ಪಾಯಿಂಟು, ಅಂದರೆ ಅರ್ಧ ಅಂಗುಲ, ಸಾಕಾಗುತ್ತದೆ. ಹೀಗೆ ಮಾಡಿದ ಮೇಲೆ ಪುಟ ಎಲ್ಲಿ ಒಡೆದರೂ ಸಹಿಯ ಮೇಲ್ಗಡೆ, ಅದು ಯಾತಕ್ಕೆ ಮಾಡಿದ ಸಹಿ ಎಂಬ ಮಾತು ಇದ್ದೇ ಇರುತ್ತದೆ. ಓಣಿಯವರು ಈಗ ಅರ್ಜಿಗಳನ್ನು ಬರೆಯಿಸಿಕೊಳ್ಳಲು ನನ್ನ ಹತ್ತಿರ ಬರುತ್ತಾರೆ. ಅವುಗಳಿಗೂ ನಾನು ಇದನ್ನೇ ಮಾಡಹತ್ತಿದ್ದೇನೆ.

ಹಳೆಯ ಕಡತದಲ್ಲಿ ಬಿದ್ದ ನಾನೂರು ಖಾಲಿ ಪ್ಯಾರಾಗಳನ್ನು ತೆಗೆಯಲು ಒಂದೊಂದನ್ನೇ ಅಳಿಸುತ್ತ ಕೂಡಬೇಕಾಗಿಲ್ಲ. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಹುಡುಕಿ ಬದಲಿಸುವ ಚೌಕ ಬರುತ್ತದೆ. 6ರ ಕೀಲಿಯ ಮೇಲಿನ ^ ಗುರುತನ್ನೂ ಇಂಗ್ಲಿಷಿನ ಸಣ್ಣ ಪಿಯನ್ನೂ ಸೇರಿಸಿ ಬರೆದರೆ ಅದು ಪ್ಯಾರಾದ ಗುರುತು. ಮೇಲಿನ ಮನೆಯಲ್ಲಿ ಅದನ್ನು ಎರಡು ಸಲ, ಕೆಳಗಿನ ಮನೆಯಲ್ಲಿ ಒಂದು ಸಲ ಬರೆದು, ‘ರಿಪ್ಲೇಸ್ ಆಲ್’ ಒತ್ತಬೇಕು. ಖಾಲಿ ಸಾಲುಗಳೆಲ್ಲ ಹೋಗುವ ತನಕ ಅದನ್ನೇ ನಾಲ್ಕೈದು ಸಲ ಒತ್ತಬೇಕಾಗುತ್ತದೆ. ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಿಂದ ತೆಗೆದಿಟ್ಟುಕೊಳ್ಳುವುದು ಜಾಣತನ. ನಾನು ಇಟ್ಟುಕೊಳ್ಳಲಿಲ್ಲ, ದೈವ ಒಳ್ಳೆಯದಿತ್ತು.

ಶಬ್ದಗಳ ಪಟ್ಟಿಯನ್ನು ನಾನು ಕೋಷ್ಟಕದಲ್ಲಿ ಬರೆದಿದ್ದೆನು. ಕೋಷ್ಟಕದ ಸಾಲೊಂದು ಎರಡು ಪುಟಗಳಲ್ಲಿ ಸೀಳಿದರೆ ‘ಮೇಟಿ’ ಒಂದು ಪುಟಕ್ಕೆ, ಅದರ ಅರ್ಥದ ಬಾಲ ಇನ್ನೊಂದು ಪುಟಕ್ಕೆ. ಕೋಷ್ಟಕದ ಗುಣಗಳಲ್ಲಿ ‘ಅಲೋ ರೋ ಟು ಬ್ರೇಕ್ ಅಕ್ರಾಸ್ ಪೇಜಸ್’ ಎಂಬುದರ ಗುರುತನ್ನು ತೆಗೆದರೆ ಇದು ನಿಲ್ಲುತ್ತದೆ. ‘ರಿಪೀಟ್ ಹೆಡರ್ ರೋಸ್’ ಕೊಟ್ಟರೆ ಮೇಲಿನ ಶೀರ್ಷಿಕೆಯ ಸಾಲು ಪ್ರತಿ ಪುಟಕ್ಕೂ ತಾನೇ ಬರುತ್ತದೆ. ಕೋಷ್ಟಕದಿಂದಲೇ ಕಡತ ಮುಗಿದರೆ ಮಾತ್ರ ಒಂದು ತೊಡಕು: ವರ್ಡ್ ಅದರ ಕೆಳಗೆ ಒಂದು ಖಾಲಿ ಪ್ಯಾರಾವನ್ನು ಇಟ್ಟೇ ಇಡುತ್ತದೆ, ಅಳಿಸಿದರೂ ಹೋಗದು. ಪುಟ ತುಂಬಿದ್ದರೆ ಅದು ಮುಂದಿನ ಹಾಳೆಗೆ ಹೋಗಿ ಕೂರುತ್ತದೆ. ಅದರ ಅಕ್ಷರದ ಅಳತೆಯನ್ನು 1 ಪಾಯಿಂಟಿಗೆ ಇಳಿಸಿ, ಮೇಲೆ ಕೆಳಗಿನ ಅಂತರವನ್ನು ಸೊನ್ನೆ ಮಾಡಿದರೆ ಹಾಳೆ ಮಾಯವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಫಾಂಟು ಬೇರೆಯಾದರೆ ಪುಟಗಳ ಸಂಖ್ಯೆ ಒಂದೆರಡು ಹೆಚ್ಚುಕಡಿಮೆಯಾಗಬಹುದು. ಆದರೆ ಯಾವುದೂ ಕೆಡುವುದಿಲ್ಲ. ಅದೂ ಆಗಬಾರದೆಂದರೆ ಅಂಗಡಿಗೆ ಹೋಗುವ ಮೊದಲು ಕಡತವನ್ನು ಪಿಡಿಎಫ್ ಮಾಡಿಕೊಳ್ಳಬೇಕು. ಅದು ಫಾಂಟನ್ನು ತನ್ನೊಳಗೆ ಹೊತ್ತುಕೊಂಡು, ಪುಟವನ್ನು ಬಿಗಿದಿಡುತ್ತದೆ. ಹಳೆಯ ಅಚ್ಚುಕೂಟದ ಚೌಕಟ್ಟಿನ ಕೆಲಸವನ್ನು ಇಂದು ಅದು ಮಾಡುತ್ತದೆನ್ನಬಹುದು. ಮಾಡಿದ ಪಿಡಿಎಫನ್ನು ಮೊಬೈಲಿನಲ್ಲಿ ಒಮ್ಮೆ ಮೊದಲಿನಿಂದ ಕೊನೆಯ ತನಕ ನೋಡಿಕೊಂಡರೆ ಖರ್ಚಿಲ್ಲದೆ ತಪ್ಪು ತಿಳಿಯುತ್ತದೆ.

ಎರಡನೆಯ ಸಲ ನನ್ನ ಪ್ರಬಂಧ 43 ಪುಟಗಳಲ್ಲಿ ಮುಗಿಯಿತು. ಪ್ರಮಾಣಪತ್ರ ಒಂದೇ ಹಾಳೆಯಲ್ಲಿತ್ತು. ಗುರುಗಳು ಸಹಿ ಮಾಡಿದರು. ಅಪ್ಪನಿಗೆ ತೋರಿಸಿದಾಗ ಅವನು ಆ ಹಾಳೆಯನ್ನು ದೀಪದ ಹತ್ತಿರ ಹಿಡಿದು, ಸಹಿಯ ಮೇಲಿನ ಬರಹದ ಮೇಲೆ ಬೆರಳಾಡಿಸಿ, “ಇಲ್ಲಿ ಏನೈತಿ, ಓದು” ಎಂದನು. ಓದಿದೆನು. ಮೊದಲನೆಯ ಸಲದ 147 ಹಾಳೆಗಳ ಹಿಂಬದಿಯಲ್ಲಿ ತಮ್ಮ ಈಗ ಗಣಿತ ಮಾಡುತ್ತಿದ್ದಾನೆ.

ಮೇಲೆ ಹೇಳಿದ ಎಲ್ಲ ಅಳತೆಗಳನ್ನೂ ಕೊಟ್ಟು, ಎ4 ಕಾಗದಕ್ಕೆ ಹೊಂದಿಸಿದ ಒಂದು ಖಾಲಿ ಕಡತವನ್ನು ಗುರುಗಳ ಅಪ್ಪಣೆ ಪಡೆದು ಗಣಕಯಂತ್ರದ ಕೋಣೆಯ ಬಾಗಿಲಿನಿಂದ ಮೂರನೆಯ ಯಂತ್ರದಲ್ಲಿ ‘ಪ್ರಬಂಧ ಮಾದರಿ’ ಎಂಬ ಹೆಸರಿನಿಂದ ಇಟ್ಟಿದ್ದೇನೆ. ಬೇಕಾದವರು ಪ್ರತಿ ಮಾಡಿಕೊಂಡು ಅದರಲ್ಲಿ ಬರೆಯಬಹುದು. ಮೂಲದಲ್ಲಿಯೇ ಬರೆಯಲು ಮೊದಲುಮಾಡಬಾರದೆಂದು ಮಾತ್ರ ಕೇಳಿಕೊಳ್ಳುತ್ತೇನೆ. ಈಗಾಗಲೇ ಒಮ್ಮೆ ಹಾಗಾಗಿ, ಅದನ್ನು ಪುನಃ ಮಾಡಿಡಬೇಕಾಯಿತು.